ಚಳಿಗಾಲದ ಕೊನೆಯ ಕೆಲಸ

ಆ ದಿನ ನಮ್ಮ ಹಿತ್ತಿಲಿನ ಚಳಿಗಾಲ ಮುಗಿಯಲು ಏಳು ಕೆಲಸ ಬಾಕಿ ಇದ್ದವು. ಅವರೆ ಚಪ್ಪರ ಬಿಚ್ಚುವುದು, ಒಣಗಿದ ಬದನೆ ಗಿಡ ಕೀಳುವುದು, ಅರಿಸಿನ ಅಗೆಯುವುದು, ಪಾತಿಗಳಿಗೆ ಬೂದಿ ಚೆಲ್ಲುವುದು, ಗೊಬ್ಬರದ ಗುಂಡಿ ಮಗುಚುವುದು, ಬೀಜ ಒಣಗಿಸುವುದು, ಬೀಜ ಕೊಡುವುದು. ಹಿತ್ತಿಲ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಕೆಲಸಗಳನ್ನು ಬರೆದು, ಮುಗಿದದ್ದರ ಮೇಲೆ ಗೆರೆ ಎಳೆಯುವುದು ನನ್ನ ರೂಢಿ. ಗೆರೆ ಬಿದ್ದದ್ದು ಹನ್ನೊಂದು, ಬೀಳಬೇಕಾದದ್ದು ಏಳು. ಗೋಡೆಯ ಆಚೆ ನನ್ನ ತಂಗಿ ಹೊನ್ನಿಯ ಹಿತ್ತಿಲಿನಲ್ಲಿ ಬೇಸಿಗೆ. ಅದು ಹೋದ ವರ್ಷದ ಬೇಸಿಗೆ. ಬೇಲಿ ಕಟ್ಟುವ ಕೆಲಸವನ್ನು ಅವಳು ಇನ್ನೂ ಮುಗಿಸಿರಲಿಲ್ಲ.

ನಮ್ಮ ಊರಿನಲ್ಲಿ ಕಾಲ ಹಿತ್ತಿಲಿಗೊಂದು. ಆಯಾ ಕಾಲದ ಕೆಲಸ ಮುಗಿದರೆ ಅದು ಹೊರಡುತ್ತದೆ, ಮುಗಿಯದಿದ್ದರೆ ಕಾಯುತ್ತಾ ಕೂರುತ್ತದೆ. ಬೀದಿಗೆ ಮಾತ್ರ ಎಲ್ಲರಿಗೂ ಸೇರಿದ ಒಂದು ಹವೆ ಇದೆ, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲಸ ಹಿತ್ತಿಲಿನ ಒಡತಿಯ ಕೈಯಿಂದಲೇ ಆಗಬೇಕು. ಕೂಲಿಯವರು ಅಗೆದರೆ ಮಣ್ಣು ಸಡಿಲವಾಗುತ್ತದೆ ಅಷ್ಟೆ, ಕಾಲ ಕದಲುವುದಿಲ್ಲ. ಗೋಡೆ ಎಲ್ಲಿದೆಯೋ ಮಳೆ ಅಲ್ಲಿಗೆ ನಿಲ್ಲುತ್ತದೆ. ಗೋಡೆಯ ಮೇಲೆ ಸೌತೆ ಹೋಳು ಒಣಹಾಕಿದರೆ ನನ್ನ ಕಡೆಯ ಅರ್ಧ ನೆನೆದು, ಹೊನ್ನಿಯ ಕಡೆಯ ಅರ್ಧ ಗರಿಗರಿಯಾಗುತ್ತಿತ್ತು.

ಹೊನ್ನಿಯ ಸೋಮಾರಿತನದಿಂದ ಬೀದಿಗೆ ಬಹಳ ಉಪಕಾರವಾಗಿತ್ತು. ಅವಳ ಹಿತ್ತಿಲಿನಲ್ಲಿ ಬೇಸಿಗೆ ಒಮ್ಮೆ ಬಂದರೆ ಒಂದು ಒಂದೂವರೆ ವರ್ಷ ಕೂತಿರುತ್ತಿದ್ದರಿಂದ ಇಡೀ ಬೀದಿಯ ಸಂಡಿಗೆ, ಹಪ್ಪಳ, ಮೆಣಸಿನಕಾಯಿ, ಬಾಣಂತಿಯರ ಮನೆಯ ಬಟ್ಟೆ ಎಲ್ಲವೂ ಅಲ್ಲಿಯೇ ಒಣಗಬೇಕು. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಮೊದಲು ಹಿತ್ತಿಲಿಗೆ ಹೋಗಿ ಯಾವ ಕಾಲ ನಡೆಯುತ್ತಿದೆ ಎಂದು ನೋಡುತ್ತಾರೆ. ಚುರುಕಾದ ಹುಡುಗಿ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಯಾಕೆಂದರೆ ಮನೆಯವರ ವಯಸ್ಸು ಹಿತ್ತಿಲಿನ ಲೆಕ್ಕದಲ್ಲಿ ಹೋಗುತ್ತದೆ. ಮೂರು ಕಾಲ ದಾಟಿದರೆ ಒಂದು ವರ್ಷ. ಬೇಗ ದಾಟಿದರೆ ಬೇಗ.

ನಾನೂ ಹೊನ್ನಿಯೂ ಅವಳಿ. ಒಂದು ವೀಳ್ಯದೆಲೆ ಮಡಿಸಿ ಬಾಯಿಗಿಡುವಷ್ಟು ಹೊತ್ತು ನಾನು ದೊಡ್ಡವಳು. ಒಂದೇ ಚಪ್ಪರದ ಕೆಳಗೆ ಮದುವೆಯಾಗಿ ಅಕ್ಕಪಕ್ಕದ ಮನೆಗೆ ಬಂದೆವು. ಮೂವತ್ತು ತುಂಬುವವರೆಗೆ ನಮ್ಮಿಬ್ಬರ ವಯಸ್ಸೂ ಒಂದೇ ಇತ್ತು. ನೆನಪಾದಾಗ ಬಿತ್ತುತ್ತಿದ್ದೆವು, ಕಣ್ಣಿಗೆ ಬಿದ್ದಾಗ ಕಳೆ ಕೀಳುತ್ತಿದ್ದೆವು. ಆಗ ಅಕ್ಕಿ ಗಿರಣಿಯಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ತೆರೆದರು. ಹೊನ್ನಿ ಎರಡು ದಿನ ಬಂದು ಹೊಟ್ಟಿನ ಚೀಲಕ್ಕೆ ಒರಗಿ ನಿದ್ದೆ ಮಾಡಿದಳು, ಮೂರನೆಯ ದಿನ ಮನೆಯಲ್ಲೇ ಮಲಗಿದಳು. ನಾನು ಹೋಗುತ್ತಲೇ ಇದ್ದೆ. ‘ಳ’ ಅಕ್ಷರ ನೆಟ್ಟಗೆ ಬರೆಯಲು ನನಗೆ ಹದಿನೆಂಟು ದಿನ ಹಿಡಿಯಿತು. ಕಲಿತದ್ದನ್ನು ದಿನಾ ಬಳಸದಿದ್ದರೆ ಮರೆತುಹೋಗುತ್ತದೆ ಎಂದು ಮೇಷ್ಟರು ಹೇಳಿದರು. ನಾನು ಬಳಸುವುದೆಲ್ಲಿ? ಕಾಗದ ಬರೆಯೋಣ ಎಂದರೆ ನನಗೆ ಬೇಕಾದವರೆಲ್ಲ ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರು. ಹಾಗಾಗಿ ಹಿತ್ತಿಲಿನ ಕೆಲಸಗಳನ್ನು ಬಾಗಿಲಿನ ಮೇಲೆ ಬರೆದೆ.

ಬರೆದ ಮೇಲೆ ಕೆಲಸ ಬೇರೆಯೇ ಆಯಿತು. ಬೇಸಿಗೆಯಲ್ಲಿ ಗುಂಡಿಯ ಗೊಬ್ಬರ ಹೊರುವ ಮೊದಲು ಪಾತಿ ಅಗೆದಿರಬೇಕು, ಪಾತಿ ಅಗೆಯುವ ಮೊದಲು ತರಗೆಲೆ ಗುಡಿಸಿರಬೇಕು, ಹೀಗೆ ಒಂದರ ಹಿಂದೆ ಒಂದನ್ನು ನಿಲ್ಲಿಸಿದರೆ ಕೈ ತಾನಾಗಿ ನಡೆಯುತ್ತದೆ. ಮಳೆಗಾಲಕ್ಕೆ ಇಪ್ಪತ್ತು ಕೆಲಸ, ಚಳಿಗಾಲಕ್ಕೆ ಹದಿನೆಂಟು, ಬೇಸಿಗೆಗೆ ಹದಿನಾಲ್ಕು. ಹೊನ್ನಿ ಒಂದು ವರ್ಷ ಕಳೆಯುವಷ್ಟರಲ್ಲಿ ನಾನು ಎರಡು ಕಳೆಯುತ್ತಿದ್ದೆ. ನನ್ನ ಮಗ ಮದುವೆಯಾಗಿ ಕೆಳಗಿನ ಬೀದಿಯಲ್ಲಿ ಹೆಂಡತಿಯ ಹಿತ್ತಿಲಿಗೆ ಸೇರಿಕೊಂಡ. ಈಗ ಅವನೂ ಅವನ ಚಿಕ್ಕಮ್ಮ ಹೊನ್ನಿಯೂ ಓರಗೆಯವರು. ಅವಳನ್ನು ಚಿಕ್ಕಮ್ಮ ಎನ್ನಲು ಅವನಿಗೆ ಸಂಕೋಚ, ಹಾಗಾಗಿ ಏನೂ ಎನ್ನದೆ ಕೆಮ್ಮಿ ಕರೆಯುತ್ತಾನೆ.

ಏಳು ಕೆಲಸ ಬಾಕಿ ಇದ್ದ ಆ ದಿನವೇ ಜನಗಣತಿಗೆ ಪರಸ್ಥಳದ ಮೇಷ್ಟರೊಬ್ಬರು ಬಂದಿದ್ದರು. ಹೊನ್ನಿ ನಮ್ಮ ಜಗಲಿಯಲ್ಲೇ ಕೂತು ಹುಣಸೆ ಬೀಜ ಕುಟ್ಟುತ್ತಿದ್ದಳು.

“ಅಜ್ಜಿ, ನಿಮ್ಮ ವಯಸ್ಸು?”

“ಎಪ್ಪತ್ತೊಂಬತ್ತು.”

“ಇವರು ಮಗಳಾ?”

“ತಂಗಿ. ಅವಳಿ ನಾವು.”

ಮೇಷ್ಟರು ಹೊನ್ನಿಯ ಮುಖ ನೋಡಿದರು. “ನಿಮ್ಮ ವಯಸ್ಸಮ್ಮಾ?”

“ಐವತ್ಮೂರು,” ಅಂದಳು ಹೊನ್ನಿ. “ಬೇಲಿ ಕಟ್ಟಿದ್ರೆ ಇಷ್ಟೊತ್ಗೆ ಐವತ್ನಾಲ್ಕಾಗಿರದು. ಬೇಲಿ ಕಟ್ಟೋಕೆ ಸೊಂಟ ನೋವು.”

ಅವರು ಲೇಖನಿ ಎತ್ತಿಟ್ಟು ನೀರು ಕೇಳಿ ಕುಡಿದರು. ಅವಳಿಗಳಿಗೆ ಎರಡು ವಯಸ್ಸು ಬರೆದರೆ ಮೇಲಿನವರು ಪುಸ್ತಕ ವಾಪಸ್ಸು ಕಳಿಸುತ್ತಾರೆ ಎಂದರು. ಕೊನೆಗೆ ಎರಡನ್ನೂ ಕೂಡಿಸಿ ಅರ್ಧ ಮಾಡಿ ಇಬ್ಬರಿಗೂ ಅರವತ್ತಾರು ಎಂದು ಬರೆದುಕೊಂಡು ಹೋದರು. ಆ ಪುಸ್ತಕದಲ್ಲಿ ಮಾತ್ರ ನಾವು ಇನ್ನೂ ಅವಳಿ.

ಮೇಷ್ಟರು ಹೋದ ಮೇಲೂ ಹೊನ್ನಿ ಕುಟ್ಟುವುದನ್ನು ನಿಲ್ಲಿಸಿ ಕೂತಿದ್ದಳು.

“ಅಕ್ಕ, ನಿಂಗೆ ನಿಜವಾಗ್ಲೂ ಎಪ್ಪತ್ತೊಂಬತ್ತಾ?”

“ಈ ಚಳಿಗಾಲ ಮುಗುದ್ರೆ ಎಂಬತ್ತಕ್ಕೆ ಬೀಳ್ತದೆ.”

“ಅವ್ವ ಎಷ್ಟರಲ್ಲಿ ಹೋದ್ಳು?”

“ಎಂಬತ್ತನೇ ಬೇಸಿಗೇಲಿ.”

“ಅಜ್ಜಿ?”

“ಅದೂ ಅಷ್ಟರಲ್ಲೇ. ಅವರಮ್ಮನೂ ಅಷ್ಟರಲ್ಲೇ.”

“ಮತ್ತೆ?”

“ಮತ್ತೇನು? ಚಪ್ಪರ ಬಿಚ್ಚಬೇಕು, ಜರುಗು.”

ಆ ಸಂಜೆ ನಾನು ಚಪ್ಪರ ಬಿಚ್ಚಿ, ಬಿದಿರಿನ ಗಳುಗಳನ್ನು ಗೋಡೆಗೆ ಒರಗಿಸಿ, ಬಾಗಿಲಿನ ಮೇಲೆ ಗೆರೆ ಎಳೆದೆ. ಬೆಳಿಗ್ಗೆ ಎದ್ದು ನೋಡಿದರೆ ಚಪ್ಪರ ನಿಂತಿತ್ತು. ಗಂಟುಗಳು ನನ್ನವಲ್ಲ. ನಾನು ಎರಡು ಸುತ್ತು ಸುತ್ತಿ ಸಿಕ್ಕಿಸುತ್ತೇನೆ, ಇವು ಸೀರೆ ಅಂಚಿನ ಚೂರಿನಲ್ಲಿ ಜಡೆ ಹೆಣೆದ ಹಾಗೆ ಇದ್ದವು. ನಮ್ಮ ಊರಿನಲ್ಲಿ ಕೆಲಸ ಮಾಡುವುದಕ್ಕೆ ಒಡತಿಯೇ ಬೇಕು, ಕೆಡಿಸುವುದಕ್ಕೆ ಯಾರಾದರೂ ನಡೆಯುತ್ತದೆ. ನಾನು ಗೆರೆ ಒರಸಿ, ಮತ್ತೆ ಚಪ್ಪರ ಬಿಚ್ಚಿದೆ. ಮಾರನೆಯ ದಿನ ಕಿತ್ತು ಹಾಕಿದ್ದ ಬದನೆ ಗಿಡಗಳು ಪಾತಿಯಲ್ಲಿ ಸಾಲಾಗಿ ನಿಂತಿದ್ದವು, ಎರಡು ತಲೆಕೆಳಗಾಗಿ. ಹೊನ್ನಿಗೆ ಕಣ್ಣು ಅಷ್ಟು ಸಾಲದು. ಅಗೆದು ತೆಗೆದಿದ್ದ ಅರಿಸಿನ ಮಣ್ಣಿನೊಳಗೆ ಹೋಗಿತ್ತು, ಮೇಲೆ ನೀರು ಕೂಡ ಹಾಕಿದ್ದಳು. ಐವತ್ತು ಮೂರು ವರ್ಷದಲ್ಲಿ ಅವಳು ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ಅವಳ ಹಿತ್ತಿಲಿನಲ್ಲೇ ಮಾಡಿದ್ದರೆ ಎರಡು ಕಾಲ ದಾಟಿರುತ್ತಿತ್ತು.

ಐದನೆಯ ದಿನ ಮುಂಜಾನೆ, ಗೊಬ್ಬರದ ಗುಂಡಿಯ ಪಕ್ಕ ಅವಳು ಗುದ್ದಲಿ ಹಿಡಿದು ನಿಂತಿರುವಾಗ ನಾನು ಬಾಗಿಲು ತೆಗೆದೆ.

“ಏನ್ ಮಾಡ್ತಿದ್ದೀಯೆ?”

“ಮಗುಚ್ತಾ ಇದೀನಿ.”

“ನಾನು ಮಗುಚಿ ಆಯ್ತಲ್ಲ.”

“ಅದನ್ನೇ, ವಾಪಸ್ ಮಗುಚ್ತಾ ಇದೀನಿ.”

“ಹೊನ್ನಿ, ಪಟ್ಟಿ ಬಾಕಿ ಉಳುದ್ರೆ ನಂಗೆ ಅನ್ನ ಸೇರಲ್ಲ, ಗೊತ್ತಲ್ಲ?”

“ಅನ್ನ ಸೇರಲ್ಲ ಅಂತ ಯಾರಾದ್ರೂ ಸಾಯಕೆ ಹೊರಡ್ತಾರಾ?” ಅವಳು ಗುದ್ದಲಿ ಕೆಳಗಿಟ್ಟಳು. “ಭಾವನ್ನೂ ಹಿಂಗೇ ಓಡಿಸ್ಕೊಂಡು ಹೋದೆ ನೀನು.”

ನಾನು ಗುದ್ದಲಿ ಎತ್ತಿಕೊಂಡೆ. ಅವಳು ಹೋದ ಮೇಲೆ ಗುಂಡಿಯನ್ನು ಇನ್ನೊಂದು ಸಲ ಮಗುಚಿದೆ.

ನನ್ನ ಯಜಮಾನರೂ ಹೊನ್ನಿಯ ಗಂಡ ಜವರಪ್ಪನೂ ಜೊತೆಯಲ್ಲಿ ಗೋಲಿ ಆಡಿದವರು. ಆಗ ಜವರಪ್ಪನಿಗೆ ಅರವತ್ತೆರಡು. ಯಜಮಾನರು ಎಪ್ಪತ್ತಾರಕ್ಕೆ ಹೋಗಿ ನನ್ನ ಲೆಕ್ಕದಲ್ಲಿ ಹನ್ನೆರಡು ವರ್ಷವಾಯಿತು. ಅವರು ಒಳ್ಳೆಯವರು, ಗಳು ಹೂಳಲು ಹೇಳಿದರೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಕೊನೆಯ ಚಳಿಗಾಲದಲ್ಲಿ ಒಂದು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಅವರೆ ಬಳ್ಳಿಯಲ್ಲಿ ಇನ್ನೂ ಒಂದಿಷ್ಟು ಹೂವಿತ್ತು. “ಇವತ್ತು ಬಿಡೆ. ನಾಳೆ ಕಿತ್ತರಾಯ್ತು,” ಎಂದರು. ಸಂಜೆಯ ಬೆಳಕು ಇನ್ನೂ ಅರ್ಧ ಗಂಟೆ ಇತ್ತು, ಪಟ್ಟಿಯಲ್ಲಿ ಅದೊಂದೇ ಉಳಿದಿತ್ತು. ಬೀಜ ಮೊದಲೇ ಕೊಟ್ಟಾಗಿತ್ತು. ನಾನು ಕಿತ್ತೆ. ಅವರು ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡರು. ಬೇಸಿಗೆ ಬಂತು, ಬಂದ ನಾಲ್ಕನೆಯ ದಿನ ಹೋದರು. ಇದನ್ನು ಹೊನ್ನಿಗೆ ನಾನೇ ಹೇಳಿದ್ದೆ.

ಆ ವಾರ ಒಂದೊಂದಾಗಿ ಆರು ಗೆರೆ ಎಳೆದೆ. ಹೊನ್ನಿ ಮತ್ತೆ ಬಂದು ಕೆಡಿಸಲಿಲ್ಲ. ಉಳಿದದ್ದು ಬೀಜ ಕೊಡುವುದು ಒಂದೇ. ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಚಳಿಗಾಲದಲ್ಲಿ ಬೀಜ ತೆಗೆದು, ಬೂದಿ ಸವರಿ, ಗೋಡೆಯ ಮೇಲಿಂದ ಪಕ್ಕದವಳಿಗೆ ಕೊಡಬೇಕು. ಅವಳು ಸೆರಗು ಒಡ್ಡಿ ಹಿಡಿದರೆ ಕೆಲಸ ಆದಂತೆ. ನನ್ನ ಹಿತ್ತಿಲಿಗೆ ಮೂರು ಕಡೆ ಬಂಡೆ. ಗೋಡೆ ಇರುವುದು ಹೊನ್ನಿಯ ಕಡೆ ಮಾತ್ರ.

ಮೊರದಲ್ಲಿ ಅವರೆ, ಹೀರೆ, ಸೋರೆ, ಬದನೆಯ ಬೀಜ ಇಟ್ಟುಕೊಂಡು ಗೋಡೆಯ ಹತ್ತಿರ ಹೋದೆ. “ಹೊನ್ನಿ, ಹಿಡಿ.”

“ಇವತ್ತು ಮಂಗಳವಾರ,” ಅಂದಳು.

ಬುಧವಾರ ಹೋದೆ. ಎಣ್ಣೆ ಸ್ನಾನ ಮಾಡಿದ್ದೇನೆ, ಬೂದಿ ಮುಟ್ಟುವುದಿಲ್ಲ ಎಂದಳು. ಗುರುವಾರ ಸೆರಗು ಹರಿದಿತ್ತು. ಶುಕ್ರವಾರ ಅದೇ ಸೆರಗು ಹೊಲಿಯಲು ಕೊಟ್ಟಿದ್ದಳು, ಮೈಮೇಲೆ ಉಟ್ಟುಕೊಂಡೇ ಹಾಗೆ ಹೇಳಿದಳು. ನನಗೆ ಕಾಯುವುದು ಗೊತ್ತು. ದಿನಾ ಬೆಳಿಗ್ಗೆ ಮೊರ ಹಿಡಿದು ಹೋಗುವುದು, ನಿಲ್ಲುವುದು, ವಾಪಸ್ಸು ಬರುವುದು. ಹೀಗೆ ಬೀದಿಯ ಲೆಕ್ಕದಲ್ಲಿ ಒಂದು ತಿಂಗಳಾಯಿತು.

ಆಮೇಲೆ ಒಂದು ಮಧ್ಯಾಹ್ನ ಗೋಡೆಯ ಆಚೆ ಮಳೆಯ ಸದ್ದು ಕೇಳಿತು. ಹೊನ್ನಿ ಬೇಲಿ ಕಟ್ಟಿ ಮುಗಿಸಿದ್ದಳು. ಅವಳ ಚಪ್ಪಡಿಗಳ ಮೇಲೆ ಬೀದಿಯ ಹನ್ನೆರಡು ಮನೆಯ ಸಂಡಿಗೆ ಇತ್ತು. ಎಲ್ಲವೂ ಗಂಜಿಯಾಗಿ ಕಾಲುವೆಗೆ ಹರಿಯಿತು. ಎದುರು ಮನೆಯ ಪಾಪಮ್ಮ ಮೊದಲು ಬಂದಳು, ಅವಳ ಹಿಂದೆ ಉಳಿದವರು.

“ಏನ್ ಹೊನ್ನಮ್ಮ, ಒಂದ್ ಮಾತು ಹೇಳಿ ಮಳೆ ಬರುಸ್ಬಾರ್ದಾ?”

“ನಿನ್ ಸಂಡಿಗೆ ಒಣಗ್ಲಿ ಅಂತ ನಾನು ಐವತ್ಮೂರರಲ್ಲೇ ಕೂತಿರ್ಬೇಕಾ ಪಾಪಮ್ಮ?”

“ಇಷ್ಟ್ ದಿನ ಕೂತಿದ್ಯಲ್ಲ, ಇನ್ನೊಂದ್ ನಾಕ್ ದಿನ ಕೂತಿದ್ರೆ ಏನಾಗ್ತಿತ್ತು?”

ಹೊನ್ನಿ ಆಗಲೇ ಗುದ್ದಲಿ ಎತ್ತಿಕೊಂಡಿದ್ದಳು. ಮಳೆಯಲ್ಲಿ ನೆನೆಯುತ್ತಾ ಪಾತಿಗಳ ನಡುವೆ ನೀರಿಗೆ ದಾರಿ ಬಿಡಿಸುತ್ತಿದ್ದಳು. ಅಕ್ಷರ ಬಾರದ್ದರಿಂದ ಅವಳು ಬಾಗಿಲಿನ ಮೇಲೆ ಸುಣ್ಣದ ಬೊಟ್ಟು ಇಟ್ಟುಕೊಂಡಿದ್ದಳು, ಇಪ್ಪತ್ತು ಬೊಟ್ಟು. ನಾನು ಪಟ್ಟಿ ಬರೆಯುವಾಗ ಗಟ್ಟಿಯಾಗಿ ಓದಿಕೊಂಡು ಬರೆಯುತ್ತೇನೆ. ಅಷ್ಟು ವರ್ಷ ಗೋಡೆಯ ಆಚೆ ಅರೆನಿದ್ದೆಯಲ್ಲಿ ಕೇಳಿಸಿಕೊಂಡೇ ಅವಳಿಗೆ ಎಲ್ಲವೂ ಬಾಯಿಗೆ ಬಂದಿತ್ತು. ಎಂಟು ದಿನಕ್ಕೆ ಮಳೆಗಾಲ ಮುಗಿಸಿದಳು. ಒಡತಿಯ ಕೈ ಹೇಗೋ ಗಿಡವೂ ಹಾಗೆ, ಅವಳ ಅವರೆ ಬಳ್ಳಿ ನಾವು ನೋಡನೋಡುತ್ತಲೇ ಚಪ್ಪರ ಹತ್ತಿತು. ಮತ್ತೆಂಟು ದಿನಕ್ಕೆ ಚಳಿಗಾಲದ ಹದಿನೇಳು ಕೆಲಸ ಮುಗಿಸಿ, ಮೊರದಲ್ಲಿ ಬೀಜ ಇಟ್ಟುಕೊಂಡು ಗೋಡೆಗೆ ಬಂದಳು.

“ಹಿಡಿ ಅಕ್ಕ.”

“ನನ್ ಬೀಜ ನೀನು ಹಿಡಿಯಲ್ಲ, ನಿನ್ ಬೀಜ ನಾನು ಹಿಡೀಬೇಕಾ?”

“ನಾನು ಬರೋಗಂಟ ನೀನು ಅಲ್ಲೇ ನಿಂತಿರು. ಎಪ್ಪತ್ತೊಂಬತ್ತಕ್ಕೆ ಬಂದ್ಬಿಡ್ತೀನಿ. ಆಮೇಲೆ ಇಬ್ರೂ ಒಂದೇ ದಿನ ಹಿಡ್ಕೊಳಣ. ಬಂದಿದ್ದು ಒಟ್ಟಿಗೆ, ಹೋಗದೂ ಒಟ್ಟಿಗೆ.”

“ಇಪ್ಪತ್ತಾರು ವರ್ಷ ಕಣೆ ಅದು.”

“ನೀನು ಮಾಡಿಲ್ವಾ?”

ನಾನು ಸೆರಗು ಒಡ್ಡಿದೆ. ಬೇಡ ಎನ್ನಬಹುದು ಎಂದು ಹೊಳೆಯಲೇ ಇಲ್ಲ. ಮಾಡಬೇಕಾದ ಕೆಲಸ ಎದುರಿಗೆ ಬಂದು ನಿಂತರೆ ನನ್ನ ಕೈ ಕೇಳದೆ ಏಳುತ್ತದೆ. ಬೀಜ ಬಿದ್ದವು, ಅವಳ ಹಿತ್ತಿಲಿಗೆ ಬಿಸಿಲು ಬಂತು, ಅವಳಿಗೆ ಐವತ್ತನಾಲ್ಕಾಯಿತು.

ಇಪ್ಪತ್ತನಾಲ್ಕು ದಿನಕ್ಕೊಂದು ಸಲ ಹೀಗೆ ನಡೆಯಿತು. ಎರಡನೆಯ ಸಲ ಅವಳ ಬೈತಲೆಯ ಎರಡೂ ಪಕ್ಕ ಬಿಳಿ ಕೂದಲು ಕಂಡಿತು. ನಾಲ್ಕನೆಯ ಸಲ ಬಂದಾಗ ಮುಂದಿನ ಹಲ್ಲೊಂದು ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ, ಮೂಲಂಗಿ ಪಾತಿಯಲ್ಲಿ ಬಿತ್ತು, ಹುಡುಕಲು ಪುರಸೊತ್ತಾಗಲಿಲ್ಲ ಎಂದಳು. ಬೀದಿಯವರು ಮೊದಲು ಬೈದರು, ಆಮೇಲೆ ಹೊಂದಿಕೊಂಡರು. ಹೊನ್ನಿಯ ಬೇಸಿಗೆ ಎಂದು ಬರುತ್ತದೆಂದು ಪಾಪಮ್ಮ ಲೆಕ್ಕವಿಟ್ಟು, ಎಂಟು ದಿನದಲ್ಲಿ ಒಣಗುವ ತೆಳು ಸಂಡಿಗೆಯನ್ನಷ್ಟೇ ಹಾಕುತ್ತಿದ್ದಳು. ನಾನು ಮಾತ್ರ ಏನೂ ಕೆಲಸವಿಲ್ಲದೆ ಚಳಿಗಾಲದಲ್ಲಿ ಕೂತಿದ್ದೆ. ಬಾಗಿಲಿನ ಮೇಲೆ ಒಂದೇ ಒಂದು ಸಾಲು ಗೆರೆಯಿಲ್ಲದೆ ಉಳಿದಿತ್ತು. ಊಟ ಸೇರುತ್ತಿರಲಿಲ್ಲ. ಆದರೂ ಬದುಕಿದ್ದೆ.

ಆರು ಸುತ್ತು ಮುಗಿದು ಹೊನ್ನಿಗೆ ಐವತ್ತೊಂಬತ್ತಾಗಿತ್ತು. ಏಳನೆಯ ಸುತ್ತಿನ ಚಳಿಗಾಲದಲ್ಲಿ ಜವರಪ್ಪ ನಮ್ಮ ಮನೆಯ ಮುಂಬಾಗಿಲಿಗೆ ಬಂದ. ಕೈಯಲ್ಲಿ ದೊಣ್ಣೆ ಇತ್ತು. ಮೂರು ಮೆಟ್ಟಿಲಿಗೆ ಮೂರು ಸಲ ನಿಂತ. ಬೀದಿಯ ಲೆಕ್ಕದಲ್ಲಿ ಅರ್ಧ ವರ್ಷದ ಹಿಂದೆ ಇದೇ ಮೆಟ್ಟಿಲನ್ನು ಅವನು ಎಲೆ ಅಡಿಕೆ ಜಗಿಯುತ್ತಾ ಹಾರಿ ಬರುತ್ತಿದ್ದ.

“ಚೆಲುವಕ್ಕ, ಒಂದ್ ಮಾತು ಹೇಳ್ಬೇಕಿತ್ತು.”

“ಕೂತ್ಕೋ ಜವರಪ್ಪ.”

“ಕೂತ್ರೆ ಏಳಾಕಾಗಲ್ಲ, ನಿಂತೇ ಹೇಳ್ತೀನಿ. ನಂಗೆ ಅರವತ್ತೆಂಟಾಗೋಯ್ತು. ನಾನೇನ್ ಮಾಡ್ದೆ ಅಂತ? ಜಗಲೀಲಿ ಕೂತಿದ್ದೆ, ಅಷ್ಟೆ.” ಅವನು ದೊಣ್ಣೆ ಈ ಕೈಯಿಂದ ಆ ಕೈಗೆ ಬದಲಿಸಿದ. “ನಿನ್ನೆ ಸಂಜೆ ಬಳ್ಳಿ ಕೀಳಾಕೆ ಹೋದ್ಳು. ಹೂವಿತ್ತು ಇನ್ನೂ. ಇವತ್ತು ಬಿಡೆ, ನಾಳೆ ಕಿತ್ತರಾಯ್ತು ಅಂದೆ. ಕೇಳ್ನಿಲ್ಲ. ನೀವಾದ್ರೂ ಹೇಳಿ.”

ನಾನು ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೆ. ನಿಂತೇ ಕುಡಿದು ಹೋದ. ಅವನು ಬೀದಿ ದಾಟಿ ತನ್ನ ಮೆಟ್ಟಿಲು ಹತ್ತುವವರೆಗೆ ನೋಡುತ್ತಾ ನಿಂತಿದ್ದೆ. ಬಹಳ ಹೊತ್ತು ಹಿಡಿಯಿತು.

ಶನಿವಾರ ಬೆಳಿಗ್ಗೆ ಹೊನ್ನಿ ಮೊರ ಹಿಡಿದು ಗೋಡೆಗೆ ಬಂದಳು. ಮೊಣಕೈವರೆಗೆ ಬೂದಿ, ಹಣೆಯ ಮೇಲೆ ಕುಂಕುಮದ ಪಕ್ಕ ಮಣ್ಣು. ನಾನೂ ನನ್ನ ಮೊರ ಹಿಡಿದು ನಿಂತಿದ್ದೆ. ನನ್ನ ಅವರೆ ಬೀಜಗಳು ಅಷ್ಟು ದಿನ ಚಳಿಗೆ ಇದ್ದು ಸ್ವಲ್ಪ ಮಂಕಾಗಿದ್ದವು.

“ಹಿಡಿ ಅಕ್ಕ,” ಅಂದಳು.

ನನ್ನ ಕೈ ಸೆರಗಿಗೆ ಹೋಯಿತು. ಅದನ್ನು ಹಿಂದಕ್ಕೆ ತಂದು ಮೊರದ ಅಂಚನ್ನು ಹಿಡಿಸಿದೆ.

“ಇವತ್ತು ಮಂಗಳವಾರ,” ಎಂದೆ.

“ಇವತ್ತು ಶನಿವಾರ ಕಣಕ್ಕ.”

“ಹಂಗಾದ್ರೆ ಎಣ್ಣೆ ಸ್ನಾನ ಮಾಡಿದೀನಿ.”

ಅವಳು ನನ್ನ ತಲೆ ನೋಡಿದಳು. ಕೂದಲು ಒಣಗಿಕೊಂಡಿತ್ತು.

“ಇನ್ನೂ ಇಪ್ಪತ್ತು ಸುತ್ತದೆ, ಆಟ ಆಡ್ಬೇಡ. ಹಿಡಿ.”

“ಸೆರಗು ಹರಿದದೆ.”

“ಎಲ್ಲಿ ಹರಿದದೆ, ತೋರ್ಸು.”

“ತೋರ್ಸಕೆ ಆಗಲ್ಲ, ಹೊಲಿಯಕೆ ಕೊಟ್ಟಿದೀನಿ.”

ಹೊನ್ನಿ ಮೊರವನ್ನು ಗೋಡೆಯ ಮೇಲೆ ಇಟ್ಟಳು. ಅವಳು ಕೈಯ ಬೂದಿ ಕೊಡವಿಕೊಂಡು ನನ್ನ ಮೊರದೊಳಗೆ ಬಗ್ಗಿ ನೋಡಿದಳು.

“ನೀನು ಹಿಡಿಯಲ್ಲ ಅಂದ್ರೆ ನಾನೂ ಹಿಡಿಯಲ್ಲ.”

“ಬೇಡ.”

“ನಾಳೆ ಬಂದ್ ಕೊಟ್ರೂ ಹಿಡಿಯಲ್ಲ.”

“ನಾಳೆ ಬಂದು ಕೇಳ್ತೀನಿ. ಹಿಡಿಯಲ್ಲ ಅನ್ನು.”

“ಈ ಹಲ್ಲಿಗೆ ಏನ್ ಮಾಡದು?” ಬಾಯಿ ತೆರೆದು ತೋರಿಸಿದಳು.

“ಪಾತೀಲಿ ಹುಡುಕು. ಈಗ ಪುರಸೊತ್ತು ಸಿಕ್ತಲ್ಲ.”

ಅವಳು ನಿಜವಾಗಿಯೂ ಹುಡುಕಲು ಹೋದಳು. ಮೂಲಂಗಿ ಪಾತಿಯ ಪಕ್ಕ ಕೂತವಳು ಅಲ್ಲಿಯೇ ಬಿಸಿಲಿಗೆ ಒರಗಿ ನಿದ್ದೆ ಹೋದಳು. ಗೊರಕೆ ಗೋಡೆಯ ಈಚೆ ಕೇಳಿಸುತ್ತಿತ್ತು. ಜವರಪ್ಪ ಒಳಗಿನಿಂದ ಬಂದು ಅವಳ ಮೇಲೆ ಕಂಬಳಿ ಹೊದಿಸಿ, ನನ್ನ ಕಡೆ ನೋಡದೆ ಒಳಗೆ ಹೋದ.

ಈಗ ಎರಡೂ ಹಿತ್ತಿಲಿನಲ್ಲಿ ಚಳಿಗಾಲ. ಪಾಪಮ್ಮ ಸಂಡಿಗೆಗೆ ಕೆಳಗಿನ ಬೀದಿಗೆ ಹೋಗಬೇಕಾಗಿದೆ, ಅಲ್ಲಿ ನನ್ನ ಸೊಸೆಯ ಬೇಸಿಗೆ ನಡೆಯುತ್ತಿದೆ. ನಮ್ಮಿಬ್ಬರನ್ನೂ ಸೇರಿಸಿ ಬೈಯುತ್ತಾಳೆ. ದಿನಾ ಬೆಳಿಗ್ಗೆ ನಾವು ಮೊರ ಹಿಡಿದು ಗೋಡೆಗೆ ಬರುತ್ತೇವೆ, ಹಿಡಿ ಎಂದು ನಾನು ಹೇಳುತ್ತೇನೆ, ಅವಳೂ ಹೇಳುತ್ತಾಳೆ. ನೆಪಗಳು ಮುಗಿದುಹೋಗಿವೆ, ಹೊಸದನ್ನು ಹುಡುಕುವುದು ಅವಳಿಗಿಂತ ನನಗೆ ಕಷ್ಟ. ಬರಿದಾದ ಪಾತಿ ನೋಡಲಾಗದೆ ಒಂದು ದಿನ ಒಂದು ಹಿಡಿ ಕೊತ್ತಂಬರಿ ಚೆಲ್ಲಿದೆ. ಅದು ಪಟ್ಟಿಯಲ್ಲಿ ಇರಲಿಲ್ಲ. ಬಂದಿದೆ, ಚೆನ್ನಾಗಿಯೇ ಬಂದಿದೆ. ಚಿಗುರಿದ್ದನ್ನು ಚಿವುಟಿ ಸಾರಿಗೆ ಹಾಕಿ ಗೋಡೆಯ ಮೇಲೆ ಒಂದು ಬಟ್ಟಲು ಇಡುತ್ತೇನೆ. ಹೊನ್ನಿ ಉಪ್ಪು ಕಡಿಮೆ ಎನ್ನುತ್ತಾಳೆ.

ಆ ಶನಿವಾರ ಸಂಜೆ ನಾನು ಬಾಗಿಲಿನ ಮುಂದೆ ಬಹಳ ಹೊತ್ತು ಸೀಮೆಸುಣ್ಣ ಹಿಡಿದು ನಿಂತಿದ್ದೆ. ಹದಿನೇಳು ಸಾಲುಗಳ ಮೇಲೆ ಗೆರೆ ಇತ್ತು, ಹದಿನೆಂಟನೆಯದರ ಮೇಲೆ ಇರಲಿಲ್ಲ. ‘ಬೀಜ ಕೊಡುವುದು’ ಎಂಬುದರ ಮುಂದೆ ‘ನಾಳೆ’ ಎಂದು ಬರೆದೆ. ನಲವತ್ತೊಂಬತ್ತು ವರ್ಷದಲ್ಲಿ ಆ ಬಾಗಿಲಿನ ಮೇಲೆ ಆ ಮಾತು ಬಂದಿರಲಿಲ್ಲ, ಹಾಗಾಗಿ ‘ಳೆ’ ಸ್ವಲ್ಪ ವಾರೆಯಾಯಿತು. ಸರಿಮಾಡಲು ಹೋಗಲಿಲ್ಲ. ಒಳಗೆ ಬಂದು ಒಂದು ತಟ್ಟೆ ಅನ್ನ ಉಂಡೆ. ಮಾರನೆಯ ದಿನ ಬೆಳಿಗ್ಗೆ ಎದ್ದು ಬಾಗಿಲು ನೋಡಿದೆ. ನಾಳೆ ಎಂದೇ ಇತ್ತು.